ಕ್ಯಾಮೆರಾ ಫ್ಲಾಶ್ ಯಾವಾಗ ಹಾಕಬೇಕು, ಯಾವಾಗ ಬೇಡ? ಪದೇ ಪದೇ ಕೇಳುವ ಪ್ರಶ್ನೆಗಳು

ಛತ್ರದಲ್ಲಿ ಮದುವೆ, ಮನೆಯಲ್ಲಿ ಗೊಂಬೆ ಹಬ್ಬ, ಲಾಲ್‌ಬಾಗ್‌ನಲ್ಲಿ ಭಾನುವಾರದ ಸುತ್ತಾಟ. ಬೆಂಗಳೂರಿನಲ್ಲಿ ಕ್ಯಾಮೆರಾ ಹಿಡಿದವರು ಫ್ಲಾಶ್ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫ್ಲಾಶ್ ಹಾಕಿದ ಫೋಟೋದಲ್ಲಿ ಎರಡು ಬೆಳಕು ಇರುತ್ತವೆ. ಅಲ್ಲಿ ಮೊದಲೇ ಇದ್ದದ್ದು ಒಂದು, ನೀವು ಕೊಟ್ಟದ್ದು ಇನ್ನೊಂದು. ಮೋಡ್ ಯಾವುದೇ ಇರಲಿ, ಈ ಎರಡರಲ್ಲಿ ಯಾವುದರ ಪಾಲು ಎಷ್ಟು ಅನ್ನುವುದೇ ಲೆಕ್ಕ. ಇದು ತಲೆಗೆ ಹೋದರೆ ಮಿಕ್ಕಿದ್ದೆಲ್ಲ ಸುಲಭ.

ನನ್ನ ಕ್ಯಾಮೆರಾದಲ್ಲಿ ಮಿಂಚಿನ ಗುರುತು ಐದಾರು ಥರ ಇದೆ. ಯಾವುದು ಏನು?

ಕಂಪನಿಯಿಂದ ಕಂಪನಿಗೆ ಚಿತ್ರ ಸ್ವಲ್ಪ ಬದಲಾಗುತ್ತದೆ, ಕೆಲಸ ಒಂದೇ. ಮಿಂಚಿನ ಪಕ್ಕ 'ಎ' ಅಥವಾ 'ಆಟೋ' ಅಂತಿದ್ದರೆ ಹೊಡೆಯಬೇಕೋ ಬೇಡವೋ ಅಂತ ಕ್ಯಾಮೆರಾನೇ ತೀರ್ಮಾನ ಮಾಡುತ್ತದೆ. ಬರೀ ಮಿಂಚು ಇದ್ದರೆ ಪ್ರತಿ ಫೋಟೋಗೂ ಹೊಡೆಯುತ್ತದೆ. ಇದನ್ನೇ ಫಿಲ್ ಫ್ಲಾಶ್ ಅನ್ನುತ್ತಾರೆ. ಮಿಂಚಿನ ಮೇಲೆ ಅಡ್ಡಗೆರೆ ಇದ್ದರೆ ಪೂರ್ತಿ ಬಂದ್. ಕಣ್ಣಿನ ಚಿತ್ರ ಇದ್ದರೆ ಕೆಂಗಣ್ಣು ತಗ್ಗಿಸುವ ಮೋಡ್. 'ಸ್ಲೋ' ಅಂತಿದ್ದರೆ ಫ್ಲಾಶ್ ಹೊಡೆದರೂ ಶಟರ್ (ಬೆಳಕನ್ನು ಒಳಗೆ ಬಿಡುವ ಪರದೆ) ಇನ್ನಷ್ಟು ಹೊತ್ತು ತೆರೆದೇ ಇರುತ್ತದೆ. 'ರಿಯರ್' ಅಥವಾ 'ಸೆಕೆಂಡ್ ಕರ್ಟನ್' ಅಂತಿದ್ದರೆ ಶಟರ್ ಮುಚ್ಚುವುದಕ್ಕೆ ಸ್ವಲ್ಪ ಮೊದಲು ಹೊಡೆಯುತ್ತದೆ.

ಎಲ್ಲವನ್ನೂ ಕಲಿಯಲೇಬೇಕು ಅಂತಿಲ್ಲ. ಬಂದ್, ಫಿಲ್, ಸ್ಲೋ. ಈ ಮೂರು ಕೈಗೆ ಹತ್ತಿದರೆ ಮನೆಯ ಫೋಟೋಗಳಿಗೆ ಧಾರಾಳ ಸಾಕು.

ಆಟೋದಲ್ಲೇ ಬಿಟ್ಟರೆ ಏನು ತೊಂದರೆ?

ಬೆಳಕು ಕಡಿಮೆ ಇದೆಯಾ ಅಂತ ಆಟೋಗೆ ಗೊತ್ತಾಗುತ್ತದೆ. ಆ ಕಡಿಮೆ ಬೆಳಕೇ ನಿಮಗೆ ಬೇಕಿತ್ತು ಅನ್ನುವುದು ಗೊತ್ತಾಗುವುದಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಸಂಜೆಯನ್ನೇ ನೋಡಿ. ಕಳಸಕ್ಕೆ ಸೀರೆ ಉಡಿಸಿದ್ದಾರೆ, ಎರಡೂ ಕಡೆ ದೀಪದ ಕಂಬ ಉರಿಯುತ್ತಿದೆ. ದೀಪದ ಬೆಳಕು ಜರಿಯ ಮೇಲೆ, ಬಳೆಗಳ ಮೇಲೆ ಬಂಗಾರದ ಬಣ್ಣದಲ್ಲಿ ಬಿದ್ದಿದೆ. ಆಟೋ ಫ್ಲಾಶ್ ಹೊಡೆದ ತಕ್ಷಣ ಆ ಬಣ್ಣ ಹೋಯಿತು. ದೇವಿಯ ಮುಖವಾಡ ಬಿಳುಚಿಕೊಳ್ಳುತ್ತದೆ, ದೀಪ ಉರಿಯುತ್ತಿದೆಯೋ ಇಲ್ಲವೋ ಅನ್ನುವ ಹಾಗೆ ಮಂಕಾಗುತ್ತದೆ, ಹಿಂದಿನ ಗೋಡೆಯ ಸ್ವಿಚ್ ಬೋರ್ಡ್ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಇಂಥ ಕಡೆ ಫ್ಲಾಶ್ ಬಂದ್ ಮಾಡಿ. ಐಎಸ್‌ಓ 1600 ಅಥವಾ 3200 ಇಡಿ (ಈ ಸಂಖ್ಯೆ ಏರಿದಷ್ಟೂ ಕ್ಯಾಮೆರಾ ಬೆಳಕಿಗೆ ಹೆಚ್ಚು ಸೂಕ್ಷ್ಮ), ಅಪರ್ಚರ್ (ಲೆನ್ಸಿನ ಕಿಂಡಿ, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅಗಲ) ಎಷ್ಟು ಅಗಲ ಆಗುತ್ತದೋ ಅಷ್ಟು ಮಾಡಿ, ಮೊಣಕೈಯನ್ನು ಗೋಡೆಗೋ ಕುರ್ಚಿಗೋ ಊರಿ 1/30 ಸೆಕೆಂಡಿನಲ್ಲಿ ತೆಗೆಯಿರಿ. ಕಳಸ ಅಲ್ಲಾಡುವುದಿಲ್ಲ, ನಿಮ್ಮ ಕೈ ಅಲ್ಲಾಡದಿದ್ದರೆ ಆಯಿತು. ಸ್ವಲ್ಪ ಕಾಳು ಕಾಳಾಗಿ ಬಂದರೂ ಪರವಾಗಿಲ್ಲ, ಬೆಳಕು ಉಳಿಯುತ್ತದೆ.

ಇನ್ನೊಂದು ವಿಷಯ. ಪೂರ್ತಿ ಆಟೋ ಡಯಲ್‌ನಲ್ಲಿ ಹಲವು ಕ್ಯಾಮೆರಾಗಳು ಫ್ಲಾಶ್ ಸೆಟ್ಟಿಂಗ್ ಮುಟ್ಟಲೂ ಬಿಡುವುದಿಲ್ಲ. ಡಯಲನ್ನು 'ಪಿ'ಗೆ ತಿರುಗಿಸಿ. ಆಟೋದಷ್ಟೇ ಸುಲಭ, ಆದರೆ ಫ್ಲಾಶ್ ನಿಮ್ಮ ಕೈಯಲ್ಲಿರುತ್ತದೆ.

ಮಟಮಟ ಮಧ್ಯಾಹ್ನ ಫ್ಲಾಶ್ ಯಾಕೆ ಬೇಕು?

ಫ್ಲಾಶ್ ಅತಿ ಹೆಚ್ಚು ಉಪಯೋಗಕ್ಕೆ ಬರುವುದೇ ಆಗ. ಬಿಸಿಲು ನೆತ್ತಿಯ ಮೇಲಿದ್ದಾಗ ಕಣ್ಣಿನ ಗುಳಿಗಳಲ್ಲಿ, ಮೂಗಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಟಬೆಬುಯಾ ಮರ ಗುಲಾಬಿ ಹೂ ಬಿಟ್ಟಾಗ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳದವರು ಬೆಂಗಳೂರಿನಲ್ಲಿ ಕಡಿಮೆ, ಅಲ್ವಾ? ಆಕಾಶಕ್ಕೆ, ಹೂವಿಗೆ ಸರಿಯಾಗಿ ಬೆಳಕು ಅಳೆದರೆ ಮುಖ ಕಪ್ಪು. ಮುಖಕ್ಕೆ ಅಳೆದರೆ ಹೂವೆಲ್ಲ ಬೆಳ್ಳಗೆ. ಮುಖಕ್ಕೆ ಮಾತ್ರ ಒಂದಿಷ್ಟು ಬೆಳಕು ಕೊಟ್ಟರೆ ಎರಡೂ ಉಳಿಯುತ್ತವೆ. ಫಿಲ್ ಫ್ಲಾಶ್ ಮಾಡುವುದು ಇದನ್ನೇ. ಫ್ಲಾಶ್ ಕಾಂಪೆನ್ಸೇಷನ್ (ಫ್ಲಾಶಿನ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಅನ್ನು ಮೈನಸ್ 1ಕ್ಕೆ, ಅಂದರೆ ಅರ್ಧ ಬೆಳಕಿಗೆ ಇಡಿ. ಆಗ ಫ್ಲಾಶ್ ಹೊಡೆದಿದೆ ಅಂತ ನೋಡಿದವರಿಗೆ ಗೊತ್ತಾಗುವುದಿಲ್ಲ, ಕಣ್ಣಲ್ಲಿ ಒಂದು ಸಣ್ಣ ಹೊಳಪು ಮಾತ್ರ ಕಾಣುತ್ತದೆ.

ಆದರೆ ಹತ್ತಿರ ಹೋಗಲೇಬೇಕು. ಬಿಸಿಲಲ್ಲಿ ಐಎಸ್‌ಓ 100, ಶಟರ್ 1/200 ಇಟ್ಟರೆ ಅಪರ್ಚರ್ ಎಫ್ 11ರ ಸುತ್ತ ಬರುತ್ತದೆ. ಆ ಎಫ್ 11ರಲ್ಲಿ ಕ್ಯಾಮೆರಾದ ತಲೆ ಮೇಲೆ ಏಳುವ ಪುಟ್ಟ ಫ್ಲಾಶಿನ ಪೂರ್ತಿ ಬೆಳಕು ಮೂರೂವರೆ ಅಡಿ ಮಾತ್ರ ಸಾಕಾಗುತ್ತದೆ. ಮೈನಸ್ 1 ಸಾಕು ಅಂದರೆ ಐದು ಅಡಿ. ಇಪ್ಪತ್ತು ಅಡಿ ದೂರದಲ್ಲಿ ಸಾಲಾಗಿ ನಿಂತ ನೆಂಟರಿಗೆ ಅದರಿಂದ ಏನೂ ಸಿಗುವುದಿಲ್ಲ. ಅವರನ್ನು ಮರದ ನೆರಳಿಗೆ ಕರೆದುಕೊಂಡು ಹೋಗುವುದೇ ವಾಸಿ.

ಅಷ್ಟಕ್ಕೂ ಫ್ಲಾಶ್ ಎಷ್ಟು ದೂರ ಹೋಗುತ್ತದೆ?

ಅದಕ್ಕೊಂದು ಲೆಕ್ಕ ಇದೆ, ಗೈಡ್ ನಂಬರ್ ಅಂತ. ಅದನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ದೂರ ಸಿಗುತ್ತದೆ. ಕ್ಯಾಮೆರಾದೊಳಗಿನ ಫ್ಲಾಶಿನ ಗೈಡ್ ನಂಬರ್ ಐಎಸ್‌ಓ 100ರಲ್ಲಿ 12 ಮೀಟರ್ ಅಂತಿಟ್ಟುಕೊಳ್ಳಿ. ಎಫ್ 4ರಲ್ಲಿ 3 ಮೀಟರ್, ಅಂದರೆ ಹತ್ತು ಅಡಿ. ಐಎಸ್‌ಓ 400 ಮಾಡಿದರೆ ದೂರ ಎರಡು ಪಟ್ಟು, 1600 ಮಾಡಿದರೆ ನಾಲ್ಕು ಪಟ್ಟು.

ದೂರ ಎರಡು ಪಟ್ಟಾದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಗುಂಪಿನ ಫೋಟೋದಲ್ಲಿ ಮುಂದೆ ಕೂತ ಮಕ್ಕಳು ಬಿಳಿ ಬಿಳಿ, ಹಿಂದೆ ನಿಂತ ದೊಡ್ಡವರು ಕತ್ತಲಲ್ಲಿ ಕಾಣುವುದು ಇದಕ್ಕೇ. ನೀವು ನಾಲ್ಕು ಹೆಜ್ಜೆ ಹಿಂದೆ ಹೋಗಿ, ಜೂಮ್ ಮಾಡಿ, ಐಎಸ್‌ಓ ಏರಿಸಿ ತೆಗೆಯಿರಿ. ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ವ್ಯತ್ಯಾಸ ಎಷ್ಟೋ ಕಡಿಮೆಯಾಗುತ್ತದೆ.

ರಾತ್ರಿ ಫೋಟೋದಲ್ಲಿ ಮುಖ ಬೆಳ್ಳಗೆ, ಹಿಂದೆ ಎಲ್ಲ ಕಪ್ಪು. ಏನು ಮಾಡಲಿ?

ಸ್ಲೋ ಸಿಂಕ್, ಅಂದರೆ ಮೇಲೆ ಹೇಳಿದ 'ಸ್ಲೋ' ಮೋಡ್ ಹಾಕಿ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುತ್ತೀರಿ ಅಂದರೆ ಇದನ್ನು ಓದಿ ಅನ್ನುತ್ತೇನೆ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಸಂಜೆ ಏಳು ಗಂಟೆ. ಗೋಣಿಚೀಲದ ಮೇಲೆ ಕಡಲೆಕಾಯಿ ರಾಶಿ, ಅದರ ಹಿಂದೆ ಸೇರು ಹಿಡಿದು ಕೂತ ಅಜ್ಜಿ, ತಲೆ ಮೇಲೊಂದು ಬಲ್ಬು, ಹಿಂದೆ ರಸ್ತೆಯುದ್ದಕ್ಕೂ ಸೀರಿಯಲ್ ಲೈಟು, ಜನ. ಕೇಳಿ, ಒಪ್ಪಿಗೆ ಪಡೆದು ಮಾಮೂಲಿ ಫ್ಲಾಶಿನಲ್ಲಿ ತೆಗೆದರೆ ಕ್ಯಾಮೆರಾ 1/60 ಸೆಕೆಂಡ್ ಶಟರ್ ಇಡುತ್ತದೆ. ಅಜ್ಜಿಯೂ ಕಡಲೆಕಾಯಿಯೂ ಕಾಣುತ್ತವೆ. ಪರಿಷೆಯೇ ಮಾಯ! ಅದೇ ಫೋಟೋವನ್ನು ಸ್ಲೋ ಸಿಂಕ್‌ನಲ್ಲಿ, ಐಎಸ್‌ಓ 800, ಎಫ್ 4, 1/15 ಸೆಕೆಂಡ್, ಫ್ಲಾಶ್ ಮೈನಸ್ 1ರಲ್ಲಿ ತೆಗೆಯಿರಿ. ಶಟರ್ ತೆರೆದಿರುವಷ್ಟು ಹೊತ್ತೂ ಬಲ್ಬಿನ ಬೆಳಕು, ಸೀರಿಯಲ್ ಲೈಟಿನ ಬಣ್ಣ ಒಳಗೆ ಬರುತ್ತಲೇ ಇರುತ್ತದೆ. ಫ್ಲಾಶ್ ಕ್ಷಣಮಾತ್ರ ಹೊಡೆದು ಅಜ್ಜಿಯ ಮುಖವನ್ನು ಚುರುಕಾಗಿ ಹಿಡಿದುಬಿಡುತ್ತದೆ. ಹಿಂದೆ ನಡೆದಾಡುವವರು ಸ್ವಲ್ಪ ಎಳೆದ ಹಾಗೆ ಬರುತ್ತಾರೆ. ಬರಲಿ, ಜಾತ್ರೆ ಇರುವುದೇ ಹಾಗೆ.

ಇಲ್ಲಿ ನೆನಪಿಡಬೇಕಾದ್ದು ಇಷ್ಟೇ. ಶಟರ್ ವೇಗ ಬದಲಿಸಿದರೆ ಸುತ್ತಲಿನ ಬೆಳಕು ಮಾತ್ರ ಹೆಚ್ಚು ಕಡಿಮೆ ಆಗುತ್ತದೆ, ಫ್ಲಾಶಿನದು ಆಗುವುದಿಲ್ಲ. ಹಿಂದೆ ಇನ್ನೂ ಕತ್ತಲೆಯೇ? ಶಟರ್ ಇನ್ನಷ್ಟು ನಿಧಾನ ಮಾಡಿ. ಮುಖ ತೀರಾ ಬೆಳ್ಳಗಾಯಿತೇ? ಫ್ಲಾಶ್ ಕಾಂಪೆನ್ಸೇಷನ್ ಇಳಿಸಿ. ಒಂದೊಂದಕ್ಕೂ ಅದರದೇ ಗುಂಡಿ ಇದೆ.

ದೀಪಾಲಂಕಾರದ ವಿಧಾನಸೌಧದ ಮುಂದೆ ನಿಂತ ಮನೆಯವರ ಫೋಟೋಗೂ ಇದೇ ಮದ್ದು. ಕಟ್ಟಡಕ್ಕೆ ಯಾವ ಫ್ಲಾಶೂ ತಲುಪುವುದಿಲ್ಲ, ಅದರ ದೀಪವೇ ಅದಕ್ಕೆ ಸಾಕು. ನಿಂತವರಿಗೆ ಮಾತ್ರ ಒಂದು ಮಾತು ಹೇಳಿ: ಫ್ಲಾಶ್ ಹೊಡೆದ ಮೇಲೂ ನಾನು 'ಆಯ್ತು' ಅನ್ನುವ ತನಕ ಅಲ್ಲಾಡಬೇಡಿ.

ನಿಕಾನ್‌ನ 'ಎ' ಮೋಡ್‌ನಲ್ಲಿ ಹಿನ್ನೆಲೆ ಕಪ್ಪು, ಗೆಳೆಯನ ಕ್ಯಾನನ್‌ನ 'ಎವಿ'ಯಲ್ಲಿ ಎಲ್ಲ ಅಲ್ಲಾಡಿದ ಹಾಗೆ. ಎರಡೂ ಒಂದೇ ಮೋಡ್ ಅಲ್ವಾ?

ಹೆಸರಿಗೆ ಒಂದೇ. ಎರಡರಲ್ಲೂ ಅಪರ್ಚರ್ ನೀವು ಇಡುತ್ತೀರಿ, ಶಟರ್ ವೇಗ ಕ್ಯಾಮೆರಾ ಇಡುತ್ತದೆ. ಫ್ಲಾಶ್ ಎದ್ದಾಗ ನಿಕಾನ್ ಸಾಮಾನ್ಯವಾಗಿ ಶಟರನ್ನು 1/60ಕ್ಕಿಂತ ಕೆಳಗೆ ಬಿಡುವುದಿಲ್ಲ. ಬೇಕಾದರೆ ಸ್ಲೋ ಅಂತ ನೀವೇ ಹೇಳಬೇಕು. ಕ್ಯಾನನ್ 'ಎವಿ'ಯಲ್ಲಿ ಸುತ್ತಲಿನ ಬೆಳಕಿಗೇ ಅಳೆಯುತ್ತದೆ. ಕತ್ತಲಿದ್ದರೆ ಶಟರ್ ತಾನಾಗಿ ಅರ್ಧ ಸೆಕೆಂಡಿಗೂ ಇಳಿಯಬಹುದು. ಮೆನುವಿನಲ್ಲಿ ಇದನ್ನು 1/60ಕ್ಕೆ ತಡೆಯುವ ಆಯ್ಕೆ ಇದೆ. ಗೊಂದಲವೇ ಬೇಡ ಅಂದರೆ 'ಎಂ' ಮೋಡ್‌ಗೆ ಹೋಗಿ ಶಟರ್, ಅಪರ್ಚರ್ ನೀವೇ ಇಟ್ಟು, ಫ್ಲಾಶನ್ನು ಮಾತ್ರ ಎಷ್ಟು ಬೆಳಕು ಬೇಕು ಅಂತ ಕ್ಯಾಮೆರಾನೇ ಅಳೆದು ಕೊಡುವ ಟಿಟಿಎಲ್‌ಗೆ ಬಿಡಿ. ಕೇಳಲು ಕಷ್ಟ ಅನಿಸುತ್ತದೆ, ಮಾಡಿದರೆ ಇದೇ ಎಲ್ಲಕ್ಕಿಂತ ಸುಲಭ.

ರಿಯರ್ ಸಿಂಕ್ ಯಾರಿಗೆ ಬೇಕು?

ದೀಪಾವಳಿಗೆ ಒಮ್ಮೆ ಮಾಡಿ ನೋಡಿ. ಕ್ಯಾಮೆರಾ ಟ್ರೈಪಾಡ್ ಮೇಲೆ, ಐಎಸ್‌ಓ 100, ಎಫ್ 8, ಎರಡು ಸೆಕೆಂಡ್. ಮಗು ಸುರುಸುರು ಬತ್ತಿಯನ್ನು ಗಾಳಿಯಲ್ಲಿ ಸುತ್ತುತ್ತದೆ, ಬೆಳಕಿನ ಬಳೆ ಮೂಡುತ್ತದೆ, ಕೊನೆಯಲ್ಲಿ ಫ್ಲಾಶ್ ಹೊಡೆದು ನಗುವ ಮುಖ ನಿಲ್ಲುತ್ತದೆ. ಮಾಮೂಲಿ ಮೋಡ್‌ನಲ್ಲಿ ಫ್ಲಾಶ್ ಮೊದಲೇ ಹೊಡೆಯುವುದರಿಂದ ಗೆರೆಗಳೆಲ್ಲ ಅದಾದ ಮೇಲೆ ಬಂದು ಕೂರುತ್ತವೆ. ಓಡುವ ಸ್ಕೂಟರಿನ ದೀಪದ ಗೆರೆ ಸ್ಕೂಟರಿನ ಮುಂದೆ ಬಿದ್ದು, ಅದು ಹಿಂದಕ್ಕೆ ಹೋಗುತ್ತಿರುವಂತೆ ಕಾಣುವುದೂ ಇದರಿಂದಲೇ.

ಟಿಟಿಎಲ್ ಇದ್ದರೆ ಬೆಳಕು ಅಳೆಯಲು ಶುರುವಿನಲ್ಲಿ ಒಂದು ಸಣ್ಣ ಮಿಂಚು ಹೊಡೆಯುತ್ತದೆ. ಫೋಟೋ ಮುಗಿಯಿತು ಅಂತ ಮಗು ಓಡಿಬಿಡಬಹುದು. 'ಎರಡನೇ ಮಿಂಚಿನ ತನಕ ನಿಲ್ಲು ಪುಟ್ಟ' ಅಂತ ಮೊದಲೇ ಹೇಳಿಡಿ.

ಛತ್ರದಲ್ಲಿ ಮದುವೆ ಫೋಟೋಗೆ ಯಾವ ಮೋಡ್?

ಮೇಲೆ ಹಾಕುವ ಬೇರೆ ಫ್ಲಾಶ್ ಇದ್ದರೆ ಅದರ ತಲೆಯನ್ನು ಎದುರಿಗಿಡಬೇಡಿ. ಮೇಲಕ್ಕೆ ತಿರುಗಿಸಿ, ಬೆಳಕು ಸೀಲಿಂಗಿಗೆ ಬಡಿದು ಕೆಳಗೆ ಬರಲಿ. ಇದಕ್ಕೆ ಬೌನ್ಸ್ ಅನ್ನುತ್ತಾರೆ. ಅಂಗೈ ಅಗಲದ ಫ್ಲಾಶ್ ಆಗ ಇಡೀ ಸೀಲಿಂಗಿನಷ್ಟು ದೊಡ್ಡ ದೀಪವಾಗುತ್ತದೆ. ಮುಖದ ಎಣ್ಣೆ ಹೊಳಪು, ಗೋಡೆಯ ಮೇಲಿನ ಕರಿ ನೆರಳು, ಜರಿಯ ಕಣ್ಣು ಕುಕ್ಕುವ ಮಿನುಗು ಎಲ್ಲ ತಗ್ಗುತ್ತದೆ.

ಎರಡು ಷರತ್ತು. ಸೀಲಿಂಗ್ ಬಿಳಿ ಇರಬೇಕು, ತೀರಾ ಎತ್ತರ ಇರಬಾರದು. ಹತ್ತು ಹನ್ನೆರಡು ಅಡಿ ಆದರೆ ಬಹಳ ಚೆನ್ನ. ಹಳದಿ, ಕೆಂಪು ಶಾಮಿಯಾನದ ಬಟ್ಟೆಗೆ ಬೌನ್ಸ್ ಮಾಡಿದರೆ ಮದುಮಗಳ ಮುಖವೂ ಅದೇ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ತಿದ್ದುವುದು ದೊಡ್ಡ ಕಷ್ಟ. ಅಂಥ ಕಡೆ ಪಕ್ಕದಲ್ಲಿ ಬಿಳಿ ಗೋಡೆ ಇದೆಯಾ ನೋಡಿ. ಇಲ್ಲವಾದರೆ ನೇರವಾಗಿಯೇ ಹೊಡೆಯಿರಿ, ಮೈನಸ್‌ನಲ್ಲಿ, ಸ್ಲೋ ಜೊತೆಗೆ. ಬೌನ್ಸ್‌ನಲ್ಲಿ ಬೆಳಕು ತುಂಬಾ ಕಳೆದುಹೋಗುವುದರಿಂದ ಐಎಸ್‌ಓ 800 ಅಥವಾ 1600 ಇಟ್ಟುಕೊಳ್ಳಿ.

ಬಟ್ಟೆಯ ಬಣ್ಣಕ್ಕೂ ಟಿಟಿಎಲ್ ಮೋಸ ಹೋಗುತ್ತದೆ. ಧಾರೆಯ ಹೊತ್ತಿಗೆ ವರ ಬಿಳಿ ಪಂಚೆ, ಬಿಳಿ ಶಲ್ಯದಲ್ಲಿ ಇರುತ್ತಾನೆ. ಬಿಳಿ ನೋಡಿ 'ಬೆಳಕು ಜಾಸ್ತಿ ಆಯಿತು' ಅಂದುಕೊಂಡು ಕ್ಯಾಮೆರಾ ಫ್ಲಾಶ್ ತಗ್ಗಿಸುತ್ತದೆ, ಮುಖ ಮಂಕು. ಆಗ ಪ್ಲಸ್ 0.7 ಮಾಡಿ. ಸಂಜೆ ಆರತಕ್ಷತೆಗೆ ಅದೇ ವರ ಕಪ್ಪು ಸೂಟಿನಲ್ಲಿ ನಿಂತಾಗ ಉಲ್ಟಾ, ಮೈನಸ್ ಮಾಡಿ.

ಧಾರೆ ಎರೆಯುವಾಗ ಬೀಳುವ ಹಾಲು, ನೀರಿನ ಎಳೆ, ಗಾಳಿಯಲ್ಲಿರುವ ಅಕ್ಷತೆ, ಇವನ್ನು ನಿಲ್ಲಿಸುವುದು ಫ್ಲಾಶಿಗೆ ಸುಲಭ. ಕಡಿಮೆ ಪವರ್‌ನಲ್ಲಿ ಫ್ಲಾಶ್ ಉರಿಯುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತು. ಕೈಯಿಂದ ಬಿಟ್ಟ ಅಕ್ಕಿಕಾಳು ತಲೆ ಮುಟ್ಟುವ ಮುಂಚೆ ಒಂದೊಂದೂ ಬೇರೆ ಬೇರೆಯಾಗಿ ಕಾಣುತ್ತದೆ. ಪೂರ್ತಿ ಪವರ್‌ನಲ್ಲಿ ಹೊಡೆದರೆ ಮತ್ತೆ ಸಿದ್ಧವಾಗಲು ಹಲವು ಸೆಕೆಂಡ್ ಬೇಕು, ಅಷ್ಟರಲ್ಲಿ ತಾಳಿ ಕಟ್ಟಿ ಆಗಿರುತ್ತದೆ. ಹಾಗಾಗಿ ಐಎಸ್‌ಓ ಏರಿಸಿ ಫ್ಲಾಶಿನ ಭಾರ ಇಳಿಸಿ, ಚಾರ್ಜ್ ಮಾಡುವ ಎನ್‌ಐಎಂಎಚ್ ಸೆಲ್ ಹಾಕಿ.

ವಿಡಿಯೋದವರ ಲೈಟು ಮಂಟಪದ ಮೇಲೆ ಬಿದ್ದಿದ್ದರೆ ನಿಮಗೆ ಫ್ಲಾಶೇ ಬೇಡ. ಅದೇ ಬೆಳಕಿನಲ್ಲಿ ತೆಗೆಯಿರಿ.

ಫ್ಲಾಶ್ ಹಾಕಿದರೆ ಮುಖ ನೀಲಿ, ಹಾಲ್ ಹಳದಿ ಬರುತ್ತದೆ.

ಫ್ಲಾಶಿನ ಬೆಳಕು ಹಗಲಿನ ಬಣ್ಣದ್ದು, ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ). ಹಳದಿ ಬಲ್ಬು 3000 ಕೆಲ್ವಿನ್ ಆಸುಪಾಸು. ಫ್ಲಾಶಿನ ಮುಂದೆ ಕಿತ್ತಳೆ ಬಣ್ಣದ ಜೆಲ್ ಅನ್ನುವ ಪಾರದರ್ಶಕ ಹಾಳೆ ಅಂಟಿಸಿ, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣ ಸರಿದೂಗಿಸುವ ಸೆಟ್ಟಿಂಗ್) ಅನ್ನು ಬಲ್ಬಿನ ಗುರುತಿಗೆ ಇಡಿ. ಎರಡೂ ಒಂದೇ ಬಣ್ಣಕ್ಕೆ ಬರುತ್ತವೆ.

ಯಕ್ಷಗಾನ, ನಾಟಕ, ಕರಗಕ್ಕೆ?

ಬಂದ್. ಇದರಲ್ಲಿ ನನಗೆ ಎರಡು ಮಾತಿಲ್ಲ.

ರವೀಂದ್ರ ಕಲಾಕ್ಷೇತ್ರದ ಹತ್ತನೇ ಸಾಲಿನಿಂದ ಫ್ಲಾಶ್ ಹೊಡೆದರೆ ಬೆಳಗುವುದು ಮುಂದಿನ ಸಾಲಿನವರ ತಲೆ. ವೇದಿಕೆಗೆ ಏನೂ ತಲುಪುವುದಿಲ್ಲ, ಪಾತ್ರಧಾರಿಯ ಗಮನ ಮಾತ್ರ ಕೆಡುತ್ತದೆ. ರಂಗದ ಬೆಳಕನ್ನು ಒಬ್ಬರು ಕೂತು ಯೋಚಿಸಿ ಮಾಡಿರುತ್ತಾರೆ, ಅದನ್ನೇ ಹಿಡಿಯಿರಿ. ಫೋಟೋ ತೆಗೆಯಬಹುದಾ ಅಂತ ಮೊದಲು ಕೇಳಿಕೊಳ್ಳುವುದೂ ಅಗತ್ಯ.

ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರ ಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುತ್ತದೆ. ಕರಗ ಹೊತ್ತವರು ಅದನ್ನು ಕೈಯಲ್ಲಿ ಹಿಡಿಯದೆ, ತಲೆ ಮೇಲೆ ಸಮತೋಲ ಮಾಡಿಕೊಂಡೇ ನಡೆಯುತ್ತಾರೆ, ಸುತ್ತ ಕತ್ತಿ ಹಿಡಿದ ವೀರಕುಮಾರರು. ಅವರ ಕಣ್ಣಿಗೆ ಹತ್ತಿರದಿಂದ ಫ್ಲಾಶ್ ಹೊಡೆಯುವುದು ತಪ್ಪು. ಫೋಟೋನೂ ಚೆನ್ನಾಗಿ ಬರುವುದಿಲ್ಲ. ಇಷ್ಟೆತ್ತರದ ಮಲ್ಲಿಗೆ ಅಲಂಕಾರ ಬಿಳಿ ಮುದ್ದೆಯಾಗಿ, ಒಂದು ಹೂವೂ ಬೇರೆಯಾಗಿ ಕಾಣುವುದಿಲ್ಲ.

ಕೆಂಗಣ್ಣು ಯಾಕೆ ಬರುತ್ತದೆ? ಆ ಮೋಡ್ ಕೆಲಸ ಮಾಡುತ್ತದಾ?

ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾಗಿರುತ್ತದೆ. ಲೆನ್ಸಿನ ಪಕ್ಕದಲ್ಲೇ ಇರುವ ಫ್ಲಾಶಿನ ಬೆಳಕು ನೇರ ಒಳಗೆ ಹೋಗಿ, ಕಣ್ಣಿನ ಹಿಂಭಾಗದ ರಕ್ತನಾಳಗಳಿಂದ ಕೆಂಪಾಗಿ ವಾಪಸ್ ಬರುತ್ತದೆ. ಕೆಂಗಣ್ಣು ಮೋಡ್ ಮೊದಲು ಸ್ವಲ್ಪ ಬೆಳಕು ಬಿಟ್ಟು ಪಾಪೆ ಕಿರಿದಾಗಲಿ ಅಂತ ಕಾಯುತ್ತದೆ. ಕೆಲಸ ಮಾಡುತ್ತದೆ, ಆದರೆ ಸುಮಾರು ಒಂದು ಸೆಕೆಂಡ್ ತಡ. ಮಕ್ಕಳ ನಗು ಅಷ್ಟು ಹೊತ್ತು ನಿಲ್ಲುವುದಿಲ್ಲ. ಕೋಣೆಯ ಲೈಟೆಲ್ಲ ಹಾಕುವುದು ಅಥವಾ ಬೌನ್ಸ್ ಮಾಡುವುದು ಇದಕ್ಕಿಂತ ಒಳ್ಳೆಯದು. ನಾಯಿ, ಬೆಕ್ಕಿನ ಕಣ್ಣು ಹಸಿರಾಗಿ ಹೊಳೆಯುವುದಕ್ಕೆ ಕಾರಣ ಬೇರೆ. ಅವುಗಳ ಕಣ್ಣಿನ ಹಿಂದೆ ಬೆಳಕು ತಿರುಗಿಸುವ ಪದರವೇ ಇದೆ.

ಪುಟ್ಟ ಮಕ್ಕಳಿರುವ ಮನೆಯವರು ಇದನ್ನು ದಯವಿಟ್ಟು ಗಮನಿಸಿ. ಫ್ಲಾಶ್ ಫೋಟೋಗಳಲ್ಲಿ ಒಂದು ಕಣ್ಣು ಕೆಂಪಾಗಿ, ಇನ್ನೊಂದು ಮತ್ತೆ ಮತ್ತೆ ಬೆಳ್ಳಗೆ ಹೊಳೆದರೆ ತಡ ಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಬರೀ ಬೆಳಕು ಬಿದ್ದ ಕೋನದಿಂದಲೂ ಹಾಗೆ ಕಾಣಬಹುದು. ಆದರೆ ಹುಟ್ಟಿನಿಂದ ಬಂದ ಪೊರೆ, ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್ ಮೊದಲು ಗೊತ್ತಾಗುವುದು ಎಷ್ಟೋ ಸಲ ಹೀಗೇ. ಬೇಗ ಸಿಕ್ಕಿದರೆ ಚಿಕಿತ್ಸೆ ಇದೆ. ಊರಲ್ಲಿ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆ ಇದೆ. ಮಕ್ಕಳ ಫೋಟೋಗಳಲ್ಲಿ ಕಣ್ಣಿನ ಬಣ್ಣ ತಿದ್ದುವ ಮುಂಚೆ ಮೂಲ ಫೋಟೋವನ್ನು ಒಮ್ಮೆ ಚೆನ್ನಾಗಿ ನೋಡಿ.

ಎಳೆ ಮಗುವಿನ ಕಣ್ಣಿಗೆ ಫ್ಲಾಶ್ ಹಾನಿಯೇ?

ಮಾಮೂಲಿ ದೂರದಿಂದ ಹೊಡೆದ ಫ್ಲಾಶ್ ಕಣ್ಣು ಕೆಡಿಸುವುದಿಲ್ಲ. ಮುಖದ ಹತ್ತಿರ ಹಿಡಿದು ಹೊಡೆಯಬೇಡಿ, ಮಗು ಬೆಚ್ಚಿಬೀಳುತ್ತದೆ. ಬೆಳಗ್ಗೆ ಕಿಟಕಿ ಪಕ್ಕ ಮಲಗಿಸಿ ತೆಗೆದಷ್ಟು ಚೆನ್ನಾದ ಫೋಟೋ ಯಾವ ಫ್ಲಾಶಿನಲ್ಲೂ ಬರುವುದಿಲ್ಲ.

ಫೋಟೋದ ಒಂದು ಭಾಗ ಕಪ್ಪಾಗಿದೆ. ಫ್ಲಾಶ್ ಕೆಟ್ಟಿದೆಯಾ?

ಕೆಳಗೆ ಅರ್ಧಚಂದ್ರದ ಹಾಗೆ ನೆರಳಿದ್ದರೆ ಅದು ಲೆನ್ಸ್ ಹುಡ್ಡಿನದು, ಬಿಚ್ಚಿಡಿ. ನೇರ ಪಟ್ಟಿ ಇದ್ದರೆ ಶಟರ್ ವೇಗ ಜಾಸ್ತಿ ಆಗಿದೆ. ಶಟರಿನಲ್ಲಿ ಎರಡು ಪರದೆ ಇರುತ್ತವೆ. ಹೆಚ್ಚಿನ ಕ್ಯಾಮೆರಾಗಳಲ್ಲಿ 1/200 ಅಥವಾ 1/250 ದಾಟಿದರೆ ಮೊದಲನೆಯದು ಪೂರ್ತಿ ತೆರೆಯುವ ಮುಂಚೆಯೇ ಎರಡನೆಯದು ಮುಚ್ಚಲು ಶುರು ಮಾಡುತ್ತದೆ. ಫ್ಲಾಶ್ ಹೊಡೆದ ಕ್ಷಣ ಪರದೆಯ ಹಿಂದಿದ್ದ ಭಾಗ ಕಪ್ಪು. ಹೈ ಸ್ಪೀಡ್ ಸಿಂಕ್ ಇರುವ ಫ್ಲಾಶ್ ಆದರೆ ಇದನ್ನು ದಾಟಬಹುದು, ಪವರ್ ಮಾತ್ರ ಬಹಳ ಇಳಿಯುತ್ತದೆ.

ಗಾಜು ಹಾಕಿದ ದೇವರ ಪಟ, ಜಡಿಮಳೆ, ನಂದಿ ಬೆಟ್ಟದ ಮಂಜು?

ಪಟಕ್ಕೆ ಎದುರು ನಿಲ್ಲದೆ ಓರೆಯಾಗಿ ನಿಂತು ಹೊಡೆಯಿರಿ. ಮಳೆ, ಮಂಜಿನಲ್ಲಿ ಬೇಡ. ಹತ್ತಿರದ ಹನಿಗಳೇ ಬಿಳಿ ಚುಕ್ಕೆಗಳಾಗಿ ತುಂಬಿಕೊಳ್ಳುತ್ತವೆ.

ಮೊಬೈಲ್ ಫ್ಲಾಶಿಗೂ ಇದೆಲ್ಲ ಅನ್ವಯ ಆಗುತ್ತದಾ?

ಅರ್ಧ. ಮೊಬೈಲಿನಲ್ಲಿರುವುದು ಎಲ್‌ಇಡಿ, ಒಂದು ಸಣ್ಣ ಟಾರ್ಚ್. ಓಡಾಡುವುದನ್ನು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ, ದೂರವೂ ಹೋಗುವುದಿಲ್ಲ. ರಾತ್ರಿ ನೈಟ್ ಮೋಡ್ ಬಳಸಿ.

ಕ್ಯಾಮೆರಾ ಮೇಲೆ ಫ್ಲಾಶ್ ಇದೆ, ಆನ್ ಆಗಿದೆ, ಹೊಡೆಯುತ್ತಿಲ್ಲ.

ಮಿರರ್‌ಲೆಸ್ ಕ್ಯಾಮೆರಾ ಆದರೆ ಸೈಲೆಂಟ್ ಶಟರ್ ಆನ್ ಇದೆಯಾ ನೋಡಿ. ಹೆಚ್ಚಿನವುಗಳಲ್ಲಿ ಅದಿದ್ದರೆ ಫ್ಲಾಶ್ ಹೊಡೆಯುವುದಿಲ್ಲ. ಆಮೇಲೆ ಫ್ಲಾಶ್ ತಳದ ಲಾಕ್ ಪೂರ್ತಿ ಬಿಗಿದಿದೆಯಾ, ಮೆನುವಿನಲ್ಲಿ ಫ್ಲಾಶ್ ಬಂದ್ ಆಗಿದೆಯಾ, ಸೆಲ್ ಇಳಿದಿದೆಯಾ ಅಂತ ನೋಡಿ.

ಬೇರೆ ಫ್ಲಾಶ್ ಕೊಳ್ಳಬೇಕು. ಅಪ್ಪನ ರೀಲ್ ಕಾಲದ್ದು ಮನೆಯಲ್ಲಿದೆ, ಅದು ಆಗುತ್ತದಾ?

ಅಪ್ಪನದನ್ನು ಸುಮ್ನೆ ಹಾಕಿ ನೋಡಬೇಡಿ. ಹಳೆಯ ಕೆಲವು ಫ್ಲಾಶ್‌ಗಳ ತಳದಲ್ಲಿ ನೂರಾರು ವೋಲ್ಟ್ ಇರುತ್ತದೆ, ಡಿಜಿಟಲ್ ಕ್ಯಾಮೆರಾದ ಸರ್ಕ್ಯೂಟ್ ಸುಟ್ಟುಹೋಗಬಹುದು. ಮೀಟರ್ ಹಿಡಿದು ಅಳೆಯಬಲ್ಲವರ ಹತ್ತಿರ ಮೊದಲು ತೋರಿಸಿ.

ಹೊಸದು ಕೊಳ್ಳುವಾಗ ತಲೆ ಮೇಲಕ್ಕೂ ಪಕ್ಕಕ್ಕೂ ತಿರುಗಬೇಕು, ಟಿಟಿಎಲ್ ಇರಬೇಕು, ಅದು ನಿಮ್ಮ ಕಂಪನಿಯ ಕ್ಯಾಮೆರಾಗೇ ಮಾಡಿದ್ದಾಗಿರಬೇಕು. ಕ್ಯಾನನ್ 1500ಡಿ, 3000ಡಿ, 200ಡಿ ಮಾರ್ಕ್ 2 ಇಟ್ಟುಕೊಂಡವರು ವಿಶೇಷವಾಗಿ ಗಮನಿಸಿ. ಇವುಗಳ ಹಾಟ್ ಶೂನಲ್ಲಿ (ಫ್ಲಾಶ್ ಸಿಕ್ಕಿಸುವ ಜಾಗದಲ್ಲಿ) ನಡುವಿನ ಲೋಹದ ಚುಕ್ಕೆಯೇ ಇಲ್ಲ. ಎಲ್ಲ ಕ್ಯಾಮೆರಾಗೂ ಆಗುತ್ತದೆ ಅಂತ ಮಾರುವ ಅಗ್ಗದ ಮ್ಯಾನುಯಲ್ ಫ್ಲಾಶ್‌ಗಳು ಇವುಗಳ ಮೇಲೆ ಹೊಡೆಯುವುದೇ ಇಲ್ಲ. ಆನ್‌ಲೈನ್‌ನಲ್ಲಿ ತರಿಸುವ ಬದಲು ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋಗಿ. ಕೌಂಟರ್ ಮುಂದೆಯೇ ಹಾಕಿಸಿ, ಒಮ್ಮೆ ನೇರವಾಗಿ, ಒಮ್ಮೆ ಸೀಲಿಂಗಿಗೆ ಹೊಡೆದು ನೋಡಿ, ಆಮೇಲೆ ದುಡ್ಡು ಕೊಡಿ.